ಮೌನದಿಂದ ಮರಳಿದ ಗಾಯಕ: ಕುಮಾರ ಗಂಧರ್ವ

ಹಾಡುಗಾರನಿಗೆ ಕಂಠವೇ ಆಸ್ತಿ. ಗದ್ದೆ ಹೋದರೆ ರೈತ ಇನ್ನೊಬ್ಬರ ಗದ್ದೆಯಲ್ಲಾದರೂ ದುಡಿಯಬಹುದು. ಕಂಠ ಹೋದ ಹಾಡುಗಾರ ಇನ್ನೊಬ್ಬರ ಕಂಠದಿಂದ ಹಾಡಲಾರ. ಇಪ್ಪತ್ತಮೂರರ ಪ್ರಾಯದಲ್ಲಿ, ಹೆಸರು ಹಣ ಎರಡೂ ಕೈಗೂಡಿದ್ದ ಕಾಲದಲ್ಲಿ, ಮದುವೆಯಾದ ಹೊಸತರಲ್ಲಿಯೇ ಹಾಡುವ ಶಕ್ತಿಯನ್ನು ಕಳೆದುಕೊಂಡು ವರ್ಷಗಟ್ಟಲೆ ಹಾಸಿಗೆ ಹಿಡಿದ ಕನ್ನಡಿಗನೊಬ್ಬನ ಕಥೆಯನ್ನು ನಾವು ಇಂದು ಹೇಳಹೊರಟಿದ್ದೇವೆ. ಆತ ಮತ್ತೆ ಎದ್ದು ಹಾಡಿದ. ಆದರೆ ಮೊದಲಿನ ಹಾಡನ್ನು ಹಾಡಲಿಲ್ಲ. ಹಾಸಿಗೆಯಿಂದ ಎದ್ದು ಬಂದ ಗಾಯಕ ಬೇರೆಯೇ ಆಗಿದ್ದ. ಆ ಬದಲಾವಣೆ ಹೇಗಾಯಿತು ಎಂಬುದೇ ನಮ್ಮ ಈ ಲೇಖನದ ವಿಷಯ.

ಹಿಂದೂಸ್ತಾನಿ ಸಂಗೀತ ಪ್ರಪಂಚ ಇವರನ್ನು ಪಂಡಿತ ಕುಮಾರ ಗಂಧರ್ವ ಎಂದು ಕರೆಯಿತು. ಮರಾಠಿಗರು ತಮ್ಮವರೆಂದು ಅಭಿಮಾನಪಟ್ಟರು. ಮಧ್ಯಪ್ರದೇಶದವರು ತಮ್ಮ ನಾಡಿನ ಗಾಯಕರೆಂದು ಹೆಮ್ಮೆಪಟ್ಟರು. ಆದರೆ ಅವರ ಹುಟ್ಟುಹೆಸರು ಶಿವಪುತ್ರ ಸಿದ್ದರಾಮಯ್ಯ ಕೋಮಕಲಿಮಠ. ಹುಟ್ಟಿದ ಊರು ಬೆಳಗಾವಿಯ ಸಮೀಪದ ಸುಳೇಭಾವಿ. ಮನೆಮಾತು ಕನ್ನಡ. ಕನ್ನಡದ ಮನೆಯಲ್ಲಿ ಹುಟ್ಟಿ ಬೇರೆ ಭಾಷೆಯ ನಾಡಿನಲ್ಲಿ ಬಾಳಿದ ಈ ಮನುಷ್ಯನ ಬದುಕು ನಮ್ಮಂಥ ಗಡಿನಾಡಿನ ಓದುಗರಿಗೆ ಹೆಚ್ಚು ಹತ್ತಿರವಾದೀತೆಂದು ನಮ್ಮ ನಂಬಿಕೆ.

ಬಾಲ ಗಾಯಕ

ಶಿವಪುತ್ರ ಜನಿಸಿದ್ದು 1924ರ ಏಪ್ರಿಲ್ 8ರಂದು. ಅದೇ ವರ್ಷದ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಆಗ ಬೆಳಗಾವಿ, ಧಾರವಾಡ ಸೀಮೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಆ ಸೀಮೆಯಲ್ಲಿ ಹಿಂದೂಸ್ತಾನಿ ಸಂಗೀತಕ್ಕೆ ಆಗಲೇ ಒಳ್ಳೆಯ ನೆಲೆ ಸಿಕ್ಕಿತ್ತು. ಮೀರಜಿನಲ್ಲಿ ಅಬ್ದುಲ್ ಕರೀಂ ಖಾನರಿದ್ದರು. ಅವರ ಶಿಷ್ಯರಾದ ಸವಾಯಿ ಗಂಧರ್ವರು ಧಾರವಾಡ ಸೀಮೆಯ ಕುಂದಗೋಳದವರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರೆಲ್ಲ ಬೆಳೆದು ಬಂದದ್ದು ಆ ನೆಲದಿಂದಲೇ.

ತಂದೆ ಸಿದ್ದರಾಮಯ್ಯನವರು ಸಂಗೀತ ಬಲ್ಲವರು. ಮನೆಯಲ್ಲಿ ಹಾಡು ಇತ್ತು. ಆದರೆ ಹುಡುಗನನ್ನು ಕೂರಿಸಿ ಸರಳೆ ಸ್ವರಗಳಿಂದ ಯಾರೂ ಪಾಠ ಹೇಳಿರಲಿಲ್ಲ. ಆರೇಳು ವರ್ಷದ ಹುಡುಗ ಒಂದು ದಿನ ತಾನಾಗಿಯೇ ಹಾಡತೊಡಗಿದಾಗ ಮನೆಯವರು ಬೆರಗಾದರು. ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಕೇಳಿ, ಅವರ ಆಲಾಪ, ತಾನ, ಉಸಿರೆಳೆಯುವ ರೀತಿ, ಕೊನೆಗೆ ಅವರ ಕಂಠದ ಗೊಗ್ಗರು ಕೂಡ ಬಿಡದೆ, ಅಷ್ಟನ್ನೂ ಯಥಾವತ್ತಾಗಿ ಒಪ್ಪಿಸುತ್ತಿದ್ದ. ಮೂರು ನಿಮಿಷದ ತಟ್ಟೆ ಮುಗಿಯುವಷ್ಟರಲ್ಲಿ ಹುಡುಗನ ಬಾಯಲ್ಲಿ ಇನ್ನೊಂದು ತಟ್ಟೆ ತಯಾರಾಗಿರುತ್ತಿತ್ತು ಎಂದರೂ ತಪ್ಪಾಗದು.

ಒಬ್ಬ ಮಠಾಧೀಶರು ಈ ಹುಡುಗನ ಹಾಡು ಕೇಳಿ ಕುಮಾರ ಗಂಧರ್ವನೆಂದು ಹೆಸರಿಟ್ಟರು. ದೇವಲೋಕದ ಹಾಡುಗಾರರ ಹೆಸರು ಅದು. ಮರಾಠಿ ರಂಗಭೂಮಿಯಲ್ಲಿ ಬಾಲ ಗಂಧರ್ವರು, ಕುಂದಗೋಳದಲ್ಲಿ ಸವಾಯಿ ಗಂಧರ್ವರು ಆಗಲೇ ಮೆರೆದಿದ್ದರು. ಈಗ ಮೂರನೆಯವನಾಗಿ ಈ ಎಳೆಯ ಗಂಧರ್ವ. ತಂದೆ ಮಗನನ್ನು ಊರೂರಿಗೆ ಕರೆದೊಯ್ದರು. ಹನ್ನೊಂದು ಹನ್ನೆರಡರ ಪ್ರಾಯಕ್ಕೆ ಅಲಹಾಬಾದ್, ಮುಂಬಯಿಗಳ ದೊಡ್ಡ ಸಂಗೀತ ಸಭೆಗಳಲ್ಲಿ ಕುಳಿತು ಹಾಡಿದ. ಹಿರಿಯ ಉಸ್ತಾದರು, ಪಂಡಿತರು ತಲೆದೂಗಿದರು. ಪದಕಗಳು ಬಂದವು. ಪತ್ರಿಕೆಗಳಲ್ಲಿ ಚಿತ್ರಗಳು ಬಂದವು.

ನಾವು ಶಾಲೆಯಲ್ಲಿ ಪಾಠ ಹೇಳುವವರು. ಪುಸ್ತಕದ ಪುಟವನ್ನು ಅಲ್ಪವಿರಾಮ ಸಹಿತ ಒಪ್ಪಿಸುವ ಮಕ್ಕಳನ್ನು ಪ್ರತಿ ವರ್ಷ ಕಾಣುತ್ತೇವೆ. ಅಂಥ ಮಕ್ಕಳನ್ನು ಕಂಡರೆ ಸಂತೋಷವೂ ಆಗುತ್ತದೆ, ಒಳಗೊಳಗೆ ಒಂದು ಅಳುಕೂ ಆಗುತ್ತದೆ. ಕಂಠಪಾಠ ಮುಗಿದ ಮೇಲೆ ಈ ಮಗುವಿನ ಸ್ವಂತ ಮಾತು ಯಾವುದು ಎಂಬ ಅಳುಕು ಅದು. ಬಾಲ ಕುಮಾರನ ಹಾಡು ಕೇಳಿದ ತಿಳಿದವರಿಗೂ ಅಂಥದೇ ಪ್ರಶ್ನೆ ಎದ್ದಿರಬೇಕು. ಹುಡುಗನ ಬಾಯಲ್ಲಿ ಹತ್ತು ಮಂದಿ ಗಾಯಕರಿದ್ದರು. ಹನ್ನೊಂದನೆಯವನಾದ ಅವನೇ ಇನ್ನೂ ಬಂದಿರಲಿಲ್ಲ.

ದೇವಧರರ ಶಾಲೆ

1936ರಲ್ಲಿ ತಂದೆ ಮಗನನ್ನು ಮುಂಬಯಿಯ ಪ್ರೊಫೆಸರ್ ಬಿ. ಆರ್. ದೇವಧರರ ಕೈಗೊಪ್ಪಿಸಿದರು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಆದರೂ ಒಂದೇ ಘರಾಣೆಯ ಬೇಲಿಯೊಳಗೆ ನಿಂತವರಲ್ಲ. ಪಾಶ್ಚಾತ್ಯ ಸಂಗೀತವನ್ನೂ ಬಲ್ಲವರು. ಮನುಷ್ಯನ ಕಂಠ ಹೇಗೆ ಕೆಲಸಮಾಡುತ್ತದೆ, ಅದನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು. ಹಿರಿಯ ಸಂಗೀತಗಾರರ ಜೀವನ ಚಿತ್ರಗಳನ್ನು ಮರಾಠಿಯಲ್ಲಿ ಬರೆದವರು. ಬೇರೆ ಬೇರೆ ಘರಾಣೆಗಳ ವಿದ್ವಾಂಸರು ಅವರ ಶಾಲೆಗೆ ಬಂದು ಹಾಡುತ್ತಿದ್ದರು, ಹರಟುತ್ತಿದ್ದರು, ವಾದ ಮಾಡುತ್ತಿದ್ದರು. ಹುಡುಗ ಕುಮಾರ ಇದೆಲ್ಲವನ್ನೂ ಕೇಳುತ್ತ ಬೆಳೆದ.

ಒಪ್ಪಿಸುವುದನ್ನು ಬಿಟ್ಟು ತಿಳಿಯುವುದನ್ನು ಕಲಿಯಬೇಕಾದ ಕಾಲ ಅದು. ರಾಗವೆಂದರೇನು, ಬಂದಿಶ್ ಎಂಬ ಹಾಡಿನ ಕಟ್ಟಿನಲ್ಲಿ ಮಾತಿಗೂ ಸ್ವರಕ್ಕೂ ತಾಳಕ್ಕೂ ಇರುವ ನಂಟೇನು ಎಂಬುದನ್ನು ಗುರುಗಳು ಬಿಡಿಸಿ ಹೇಳಿದರು. ಮುಂದೆ ಅಂಜನಿಬಾಯಿ ಮಾಲ್ಪೇಕರರ ಬಳಿಯೂ ಕೆಲಕಾಲ ಕಲಿತರು. ಇಪ್ಪತ್ತು ದಾಟುವಷ್ಟರಲ್ಲಿ ಕುಮಾರರು ಅದೇ ಶಾಲೆಯಲ್ಲಿ ಕಲಿಸುವವರೂ ಆಗಿದ್ದರು. ದೇಶದ ದೊಡ್ಡ ಸಭೆಗಳಿಂದ ಕರೆ ಬರುತ್ತಿತ್ತು. ಬಾಲಪ್ರತಿಭೆಗಳು ಮೀಸೆ ಮೂಡುವ ಹೊತ್ತಿಗೆ ಬಾಡಿಹೋಗುವುದು ಸಾಮಾನ್ಯ. ಇವರ ವಿಷಯದಲ್ಲಿ ಹಾಗಾಗಲಿಲ್ಲ.

ದೇವಧರರ ಶಾಲೆಯಲ್ಲಿಯೇ ಭಾನುಮತಿ ಕಂಸ್ ಎಂಬ ತರುಣಿಯ ಪರಿಚಯವಾಯಿತು. ಆಕೆಯೂ ಸಂಗೀತ ಬಲ್ಲವರು, ವಿದ್ಯಾವಂತೆ. ಪರಿಚಯ ಪ್ರೀತಿಯಾಗಿ ಬೆಳೆಯಿತು. 1947ರ ಏಪ್ರಿಲಿನಲ್ಲಿ ಇಬ್ಬರೂ ಮದುವೆಯಾದರು. ಭಾಷೆ, ಜಾತಿಗಳ ಗೆರೆ ದಾಟಿದ ಮದುವೆ ಅದು. ಸುಳೇಭಾವಿಯ ಮಠದ ಮನೆತನದ ಹುಡುಗನಿಗೆ ಸಂಗೀತವೇ ಹೆಣ್ಣು ನೋಡಿಕೊಟ್ಟಿತು ಎನ್ನಬೇಕು.

ಎದೆಗೆ ಬಿದ್ದ ಬರೆ

ಮದುವೆಯ ಅರಿಸಿನ ಆರುವ ಮೊದಲೇ ಕೆಮ್ಮು, ಜ್ವರ, ನಿಶ್ಶಕ್ತಿಗಳು ಕಾಣಿಸಿಕೊಂಡವು. ಪರೀಕ್ಷೆ ಮಾಡಿದ ವೈದ್ಯರು ಕ್ಷಯವೆಂದರು.

ಇಂದಿನ ಎಳೆಯರಿಗೆ ಆ ಶಬ್ದದ ಭಯ ತಿಳಿಯದು. ನಮ್ಮ ಹಿರಿಯರು ಕ್ಷಯವೆಂಬ ಮಾತನ್ನು ಮನೆಯೊಳಗೆ ಗಟ್ಟಿಯಾಗಿ ಆಡುತ್ತಿರಲಿಲ್ಲ. ರೋಗಿಗೆ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಚಾಪೆ. ಹೆಣ್ಣು ಕೊಡುವವರು ಹಿಂದೆಗೆಯುತ್ತಿದ್ದರು, ನೆಂಟರು ಜಗಲಿಯಿಂದಲೇ ಮರಳುತ್ತಿದ್ದರು. ಅಮೆರಿಕೆಯಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಮದ್ದನ್ನು 1943ರಲ್ಲಿಯೇ ಕಂಡುಹಿಡಿದಿದ್ದರೂ ನಮ್ಮ ದೇಶದ ಸಾಮಾನ್ಯರಿಗೆ ಅದು ಎಟಕುವಂತಿರಲಿಲ್ಲ. ಒಣ ಹವೆ, ಒಳ್ಳೆಯ ಆಹಾರ, ಪೂರ್ಣ ವಿಶ್ರಾಂತಿ, ಇವಿಷ್ಟೇ ಚಿಕಿತ್ಸೆ. ಉಳಿದದ್ದು ದೇವರ ಇಚ್ಛೆ.

ಪೂರ್ಣ ವಿಶ್ರಾಂತಿ ಎಂದರೆ ಶ್ವಾಸಕೋಶಕ್ಕೂ ವಿಶ್ರಾಂತಿ. ಹಾಡುವವನು ಉಸಿರನ್ನು ಎದೆಯ ತಳದಿಂದ ಎಳೆದು, ತಡೆದು, ಅಳತೆಯಿಂದ ಬಿಡಬೇಕು. ಹುಣ್ಣಾದ ಶ್ವಾಸಕೋಶ ಅದನ್ನು ತಾಳದು. ಹಾಡಿದರೆ ಜೀವಕ್ಕೇ ಅಪಾಯ, ಇನ್ನು ಹಾಡುವ ಆಸೆಯನ್ನೇ ಬಿಡಬೇಕು ಎಂದು ವೈದ್ಯರು ಹೇಳಿಬಿಟ್ಟರು. ಏಳರ ವಯಸ್ಸಿನಿಂದ ಹಾಡಿನ ಹೊರತು ಬೇರೆ ಕಸುಬು ಅರಿಯದವನಿಗೆ ಆ ಮಾತು ಹೇಗೆ ಕೇಳಿಸಿರಬೇಡ!

ಮುಂಬಯಿಯ ಸಮುದ್ರದ ತೇವ ಗಾಳಿ ಈ ರೋಗಕ್ಕೆ ಹಿತವಲ್ಲ. ಮಾಳವ ಪ್ರಸ್ಥಭೂಮಿಯ ಒಣ ಹವೆ ಒಳ್ಳೆಯದೆಂದು ಇಂದೋರಿಗೆ ಸಮೀಪದ ದೇವಾಸ ಎಂಬ ಊರನ್ನು ಆರಿಸಿದರು. ದೇವಾಸ ಆಗ ಸಣ್ಣ ಸಂಸ್ಥಾನದ ಊರು. ನಡುವೆ ದೇವಿಯ ಗುಡಿಗಳಿರುವ ಒಂದು ಗುಡ್ಡ. ಗಂಡಹೆಂಡಿರು ಆ ಊರು ತಲುಪಿದ್ದು 1948ರ ಜನವರಿ 30ರಂದು. ದೆಹಲಿಯಲ್ಲಿ ಗಾಂಧೀಜಿ ಗುಂಡೇಟಿಗೆ ಬಲಿಯಾದ ದಿನವೇ ಅದು. ದೇಶಕ್ಕೆ ದೇಶವೇ ದುಃಖದಲ್ಲಿ ಮುಳುಗಿದ ಆ ಸಂಜೆ, ತಮ್ಮದೇ ದುಃಖವನ್ನು ಹೊತ್ತು ಬಂದ ಇಬ್ಬರು ಅಪರಿಚಿತರು ಆ ಊರಿನಲ್ಲಿ ಒಲೆ ಹೂಡಿದರು.

ಭಾನುಮತಿಯ ದುಡಿಮೆ

ಐದಾರು ವರ್ಷಗಳ ಕಾಲ ಆ ಮನೆಯ ಭಾರವೆಲ್ಲ ಭಾನುಮತಿಯವರ ಮೇಲೆ ಬಿತ್ತು. ಅವರು ಶಾಲೆಯಲ್ಲಿ ಅಧ್ಯಾಪಕಿಯಾಗಿ ದುಡಿದು ಸಂಸಾರ ನಡೆಸಿದರು. ಬಂದು ಗಂಡನಿಗೆ ಹೊತ್ತುಹೊತ್ತಿಗೆ ಮದ್ದು, ಗಂಜಿ, ಹಾಲು ನೋಡಿಕೊಂಡರು. ಜ್ವರ ಏರಿದ ರಾತ್ರಿಗಳಲ್ಲಿ ಎಚ್ಚರವಿದ್ದರು. ಈ ರೋಗ ಸೋಂಕಿನದು ಎಂಬುದು ಅವರಿಗೆ ತಿಳಿಯದ್ದೇನಲ್ಲ. ತಿಳಿದೂ ದೂರ ನಿಲ್ಲಲಿಲ್ಲ.

ಹಾಡಬಲ್ಲ ಹೆಂಡತಿ, ಹಾಡಬಾರದ ಗಂಡ. ಇಂಥ ಮನೆಯ ಸಂಜೆಗಳನ್ನು ನಾವು ಊಹಿಸಿಕೊಳ್ಳಬಹುದಷ್ಟೇ. ಪ್ರೀತಿಯೆಂದರೆ ಬರಿಯ ಸಿಹಿಮಾತಲ್ಲ, ದಿನವೂ ಎದ್ದು ಮಾಡಬೇಕಾದ ಕೆಲಸವೂ ಹೌದು ಎಂಬುದಕ್ಕೆ ಭಾನುಮತಿಯವರ ಆ ಐದಾರು ವರ್ಷಗಳಿಗಿಂತ ಬೇರೆ ಸಾಕ್ಷಿ ಬೇಡ. ಕುಮಾರ ಗಂಧರ್ವರ ಹೆಸರನ್ನು ಹೇಳುವವರು ಈ ತಾಯಿಯ ಹೆಸರನ್ನೂ ಜೊತೆಗೆ ಹೇಳಬೇಕೆಂದು ನಮಗೆ ಅನಿಸುತ್ತದೆ.

ಕಿವಿ ತೆರೆಯಿತು

ಮಲಗಿದವನಿಗೆ ಬಾಯಿ ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ. ಕಿಟಕಿಯಾಚೆ ಹಕ್ಕಿಗಳ ದನಿ, ಗಾಳಿಯ ಸದ್ದು. ದಾರಿಯಲ್ಲಿ ಹಾಡಿಕೊಂಡು ಹೋಗುವ ಜನ. ಬೀಸುವಾಗ, ಮದುವೆ ಮುಂಜಿಗಳಲ್ಲಿ, ಹಬ್ಬಗಳಲ್ಲಿ, ಕೂಸು ಹುಟ್ಟಿದಾಗ ಮಾಳವದ ಹೆಂಗಸರು ಹಾಡುವ ಹಾಡುಗಳು. ಭಿಕ್ಷೆಗೆ ಬರುವ ಜೋಗಿಗಳ ಪದಗಳು. ಮೊದಮೊದಲು ಹೊತ್ತು ಕಳೆಯಲು ಕೇಳಿದರೋ ಏನೋ. ಬರಬರುತ್ತ ಆ ಹಾಡುಗಳೇ ಅವರ ಗುರುಗಳಾದವು.

ಆ ಹಾಡುಗಳಲ್ಲಿ ಏನಿತ್ತು? ಹೆಚ್ಚಿನವು ನಾಲ್ಕೈದು ಸ್ವರಗಳೊಳಗೇ ತಿರುಗುವಂಥವು. ದೊಡ್ಡ ತಾನಗಳಿಲ್ಲ, ಪಾಂಡಿತ್ಯದ ಪ್ರದರ್ಶನವಿಲ್ಲ. ಹಾಡುವ ಹೆಂಗಸರಿಗೆ ಸ್ವರದ ಹೆಸರೂ ಗೊತ್ತಿಲ್ಲ. ಆದರೆ ಆ ನಾಲ್ಕು ಸ್ವರಗಳು ಬೀಳಬೇಕಾದ ಕಡೆ ಬೀಳುತ್ತವೆ, ನಿಲ್ಲಬೇಕಾದ ಕಡೆ ನಿಲ್ಲುತ್ತವೆ. ಒಂದೇ ಮಟ್ಟಿನಲ್ಲಿ ಮಗಳನ್ನು ಕಳಿಸಿಕೊಡುವ ಅಳಲೂ ಇದೆ, ಮಳೆ ಬಂದ ಹಿಗ್ಗೂ ಇದೆ. ಕುಮಾರರಿಗೆ ಮೆಲ್ಲನೆ ಒಂದು ವಿಷಯ ಹೊಳೆಯಿತು. ಶಾಸ್ತ್ರಗ್ರಂಥಗಳಲ್ಲಿ ಹೆಸರು ಪಡೆದು ದರ್ಬಾರುಗಳಲ್ಲಿ ಮೆರೆದ ರಾಗಗಳ ಬೇರು ಇಂಥ ಹಾಡುಗಳಲ್ಲಿಯೇ ಇದೆ. ಹಳ್ಳಿಯ ಮಟ್ಟುಗಳಿಂದಲೇ ರಾಗಗಳು ಮೈದಳೆದವು ಎಂಬುದು ಅವರ ದೃಢವಾದ ಅಭಿಪ್ರಾಯವಾಯಿತು. ಮಾಳವದ ಹಾಡುಗಳನ್ನು ಕೇಳಿ, ಬರೆದಿಟ್ಟು, ಅವುಗಳ ಸ್ವರಗಳ ನಡೆಯನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದರು.

ಹಾಡಬಾರದೆಂದು ವೈದ್ಯರು ಹೇಳಿದ್ದರೂ ಗುನುಗುವುದನ್ನು ತಡೆಯುವುದು ಸಾಧ್ಯವೇ? ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ, ಬರಿಯ ಉಸಿರಿನ ಅಂಚಿನಲ್ಲಿ, ತಮ್ಮಷ್ಟಕ್ಕೆ ಗುನುಗಿಕೊಳ್ಳುತ್ತಿದ್ದರು. ಸಾವಿರಾರು ಮಂದಿ ಚಪ್ಪಾಳೆ ತಟ್ಟುವ ಸಭೆಗಳಲ್ಲಿ ಹಾಡಿದ ಕಂಠ ಈಗ ತನಗೊಬ್ಬನಿಗೇ ಹಾಡಿಕೊಳ್ಳುತ್ತಿತ್ತು. ಅನುಕರಿಸಲು ಎದುರಿಗೆ ಗ್ರಾಮಫೋನ್ ಇರಲಿಲ್ಲ, ಮೆಚ್ಚಿಸಲು ಸಭೆ ಇರಲಿಲ್ಲ. ಹತ್ತು ಮಂದಿ ಗಾಯಕರ ದನಿ ಒಂದೊಂದಾಗಿ ಅಡಗಿ, ಹನ್ನೊಂದನೆಯವನ ದನಿ ಮೊದಲ ಬಾರಿಗೆ ಹೊರಟದ್ದು ಈ ಹಾಸಿಗೆಯಿಂದ.

1952ರ ಹೊತ್ತಿಗೆ ಸ್ಟ್ರೆಪ್ಟೋಮೈಸಿನ್ ದೊರಕಿತು. ಆ ಮದ್ದಿಗಾಗಿ ವಿಜ್ಞಾನಿ ವಾಕ್ಸ್‌ಮನ್ನರಿಗೆ ನೊಬೆಲ್ ಪಾರಿತೋಷಕ ಬಂದ ವರ್ಷವೂ ಅದೇ. ಮದ್ದು, ಒಣ ಹವೆ, ಹೆಂಡತಿಯ ಆರೈಕೆ ಮೂರೂ ಸೇರಿ ರೋಗ ಹಿಮ್ಮೆಟ್ಟಿತು. ಆದರೆ ಹೋಗುವಾಗ ತನ್ನ ಪಾಲನ್ನು ಒಯ್ದಿತ್ತು. ಒಂದು ಶ್ವಾಸಕೋಶ ಶಾಶ್ವತವಾಗಿ ಕೆಟ್ಟಿತ್ತು.

ಒಂದೇ ಶ್ವಾಸಕೋಶದ ಹಾಡು

1953ರಲ್ಲಿ ಅವರು ಮತ್ತೆ ಸಭೆಯಲ್ಲಿ ಹಾಡಿದರು. ಹಳೆಯ ಕುಮಾರನನ್ನು ನಿರೀಕ್ಷಿಸಿ ಬಂದವರು ತಬ್ಬಿಬ್ಬಾದರು. ಉದ್ದುದ್ದ ತಾನಗಳಿಲ್ಲ. ಚಿಕ್ಕ ಚಿಕ್ಕ ತುಣುಕುಗಳು. ಒಂದು ತುಣುಕು, ಆ ಮೇಲೆ ಮೌನ. ಆ ಮೌನದೊಳಗೆ ತಂಬೂರಿಯ ನಾದ ತುಂಬಿಕೊಳ್ಳುತ್ತದೆ. ಫಕ್ಕನೆ ಮೇಲಿನ ಷಡ್ಜಕ್ಕೆ ಎಸೆದ ಒಂದು ಸ್ವರ, ಬಾಣದಂತೆ ನೆಟ್ಟಗೆ ಹೋಗಿ ನಾಟುತ್ತದೆ. ಒಂದು ಗಳಿಗೆ ಪಿಸುಗುಟ್ಟಿದಂತೆ, ಮರುಗಳಿಗೆ ಕೂಗಿ ಕರೆದಂತೆ.

ಇದೆಲ್ಲ ಒಂದೇ ಶ್ವಾಸಕೋಶದ ಫಲವೆಂದು ಕೆಲವರು ಹೇಳಿದರು. ಉಸಿರು ಕಡಿಮೆಯಾದದ್ದು ನಿಜ. ಆದರೆ ಉಸಿರು ಕಡಿಮೆಯಾದವರೆಲ್ಲ ಹೀಗೆ ಹಾಡಲಾರರು. ಇರುವ ಉಸಿರನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವರು ಮಾಳವದ ಹೆಂಗಸರಿಂದ ಕಲಿತಿದ್ದರು. ಬಡವರ ಮನೆಯ ಗೃಹಿಣಿ ಇರುವ ಸೇರಕ್ಕಿಯಲ್ಲಿ ಮನೆಮಂದಿಗೂ ಬಂದವರಿಗೂ ಉಣಿಸುವಂತೆ ಅವರು ಇರುವ ಉಸಿರಿನಲ್ಲಿ ರಾಗವನ್ನು ಪೂರ್ಣವಾಗಿ ಕಟ್ಟಿದರು.

ಸಂಪ್ರದಾಯಸ್ಥರಿಗೆ ಇದು ಹಿಡಿಸಲಿಲ್ಲ. ಯಾವ ಘರಾಣೆ ಇದು, ಯಾವ ಗುರುವಿನ ಮಾರ್ಗ ಎಂದು ಕೇಳಿದರು. ಇಂಥದೇ ಘರಾಣೆಯವನೆಂದು ಹೇಳಿಕೊಳ್ಳಲು ಕುಮಾರರು ಒಪ್ಪಲಿಲ್ಲ. ತಮ್ಮ ದಾರಿ ಬಿಡಲಿಲ್ಲ. ಹಳ್ಳಿಯ ಮಟ್ಟುಗಳಿಂದ ಹುಟ್ಟಿದ ಹೊಸ ರಾಗಗಳನ್ನು ಕಟ್ಟಿದರು. ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ, ಅಹಿಮೋಹಿನಿ ಇವೆಲ್ಲ ಅವರ ಸೃಷ್ಟಿ. 1969ರಲ್ಲಿ ಗಾಂಧೀಜಿಯವರ ಶತಮಾನೋತ್ಸವಕ್ಕೆಂದು ಗಾಂಧಿ ಮಲ್ಹಾರ್ ಎಂಬ ರಾಗವನ್ನು ಕಟ್ಟಿ ಹಾಡಿದರು. ದೇವಾಸಕ್ಕೆ ಕಾಲಿಟ್ಟ ಆ ಜನವರಿಯ ಸಂಜೆ ಅವರ ಮನಸ್ಸಿನಿಂದ ಮಾಸಿರಲಿಲ್ಲವೇನೋ ಎಂದು ನಾವು ಭಾವಿಸುತ್ತೇವೆ.

ಎರಡನೆಯ ಪೆಟ್ಟು

1956ರಲ್ಲಿ ಮೊದಲ ಮಗ ಮುಕುಲ ಹುಟ್ಟಿದ. ಮನೆಯಲ್ಲಿ ನಗು ತುಂಬಿತು. ಗಂಡನ ಹೆಸರು ದೇಶದ ತುಂಬ ಮತ್ತೆ ಹಬ್ಬುತ್ತಿತ್ತು. ಭಾನುಮತಿಯವರು ಪಟ್ಟ ಕಷ್ಟಕ್ಕೆ ಫಲ ಸಿಗುವ ಕಾಲ ಬಂದಿತ್ತು. ಅಷ್ಟರಲ್ಲಿ, 1961ರಲ್ಲಿ, ಎರಡನೆಯ ಹೆರಿಗೆಯ ಸಮಯದಲ್ಲಿ ಅವರು ತೀರಿಕೊಂಡರು. ಮಗು ಯಶೋವರ್ಧನ ಉಳಿಯಿತು.

ಸಾವಿನ ಬಾಯಿಂದ ಗಂಡನನ್ನು ಎಳೆದು ತಂದವಳು ತಾನೇ ಹೊರಟುಹೋದಳು. ಸಾವಿತ್ರಿಯ ಕಥೆಯನ್ನು ನಾವೆಲ್ಲ ಯಕ್ಷಗಾನದಲ್ಲಿ ನೋಡಿದ್ದೇವೆ, ಹರಿಕಥೆಯಲ್ಲಿ ಕೇಳಿದ್ದೇವೆ. ಅಲ್ಲಿ ಯಮನು ಕೊನೆಗೆ ಇಬ್ಬರನ್ನೂ ಹರಸಿ ಕಳಿಸುತ್ತಾನೆ. ದೇವಾಸದ ಸಾವಿತ್ರಿಗೆ ಆ ಭಾಗ್ಯವಿರಲಿಲ್ಲ.

ಮೂವತ್ತೇಳರ ಪ್ರಾಯದ ಗಂಡಸು, ಒಂದು ಎಳೆಗೂಸು, ಐದು ವರ್ಷದ ಇನ್ನೊಂದು ಮಗು, ಒಂದೇ ಶ್ವಾಸಕೋಶ. ಈ ಸಲ ಹಾಡಬೇಡವೆಂದು ಹೇಳುವ ವೈದ್ಯರಿರಲಿಲ್ಲ. ಹಾಡದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಅವರು ಹಾಡನ್ನು ಬಿಡಲಿಲ್ಲ. ಮೊದಲ ಮೌನದಲ್ಲಿ ಅವರಿಗೆ ದೊರೆತ ಹಾಡು ಭಾನುಮತಿಯವರು ಉಳಿಸಿಕೊಟ್ಟ ಉಸಿರಿನ ಹಾಡು. ಅದನ್ನು ನಿಲ್ಲಿಸಿದರೆ ಆಕೆಯ ದುಡಿಮೆಯನ್ನೇ ಅಳಿಸಿದಂತಾಗುತ್ತಿತ್ತು. ಇದು ನಮ್ಮ ತಿಳಿವಳಿಕೆ. ಅವರ ಮುಂದಿನ ಮೂವತ್ತು ವರ್ಷಗಳ ಬದುಕು ಇದನ್ನು ಸುಳ್ಳೆನ್ನುವುದಿಲ್ಲ.

ಮರುವರ್ಷ, 1962ರಲ್ಲಿ, ದೇವಧರರ ಶಾಲೆಯಲ್ಲಿ ಕಲಿತ ವಸುಂಧರಾ ಶ್ರೀಖಂಡೆಯವರನ್ನು ಮದುವೆಯಾದರು. ವಸುಂಧರೆಯವರು ಎರಡು ಮಕ್ಕಳಿಗೆ ತಾಯಿಯಾದರು. ಅವರಿಗೆ ಕಲಾಪಿನಿ ಎಂಬ ಮಗಳು ಹುಟ್ಟಿದಳು. ದೇವಿಯ ಗುಡ್ಡದ ಬುಡದಲ್ಲಿರುವ ಅವರ ಮನೆಯ ಹೆಸರು ಭಾನುಕುಲ. ಆ ಹೆಸರಿನಲ್ಲಿ ಹೋದವಳ ಹೆಸರಿದೆ. ಬಂದವರು ಆ ಹೆಸರಿನ ಮನೆಯಲ್ಲಿಯೇ ದೊಡ್ಡ ಮನಸ್ಸಿನಿಂದ ಬಾಳಿದರು, ಗಂಡನ ಪಕ್ಕದಲ್ಲಿ ಕುಳಿತು ದನಿಗೂಡಿಸಿದರು. ಇಂಥ ಸಂಸಾರಗಳು ಕಥೆ ಕಾದಂಬರಿಗಳಲ್ಲಿಯೂ ಅಪರೂಪ.

ನಿರ್ಗುಣದ ಹಾಡು

ಕುಮಾರ ಗಂಧರ್ವರ ಹೆಸರನ್ನು ಸಂಗೀತ ಶಾಸ್ತ್ರ ತಿಳಿಯದ ಜನರ ಮನೆಗೂ ಮುಟ್ಟಿಸಿದ್ದು ಅವರ ಕಬೀರ ಭಜನೆಗಳು. ದೇವಾಸದಲ್ಲಿ ನಾಥಪಂಥದ ಶೀಲನಾಥ ಮಹಾರಾಜರ ಧುನಿ ಇದೆ. ಧುನಿ ಎಂದರೆ ಯೋಗಿಗಳು ಆರದಂತೆ ಕಾಯುವ ಬೆಂಕಿಯ ನೆಲೆ. ಅಲ್ಲಿ ಸೇರುವ ಸಾಧುಗಳು ಏಕತಾರಿ ಹಿಡಿದು ನಿರ್ಗುಣ ಪದಗಳನ್ನು ಹಾಡುತ್ತಿದ್ದರು. ರೂಪವಿಲ್ಲದ, ಗುಣವಿಲ್ಲದ ದೇವರನ್ನು ಕುರಿತ ಪದಗಳು. ದೇಹವೆಂಬ ಗೂಡು, ಅದನ್ನು ಬಿಟ್ಟು ಹೋಗುವ ಹಕ್ಕಿ, ಒಳಗೆ ನಿಲ್ಲದೆ ಮೊಳಗುವ ನಾದ, ಇವೇ ಅವುಗಳ ವಸ್ತು. ಕಾಶಿಯ ನೇಕಾರ ಕಬೀರನ ಹೆಸರಿನಲ್ಲಿ, ಗೋರಖನಾಥನ ಹೆಸರಿನಲ್ಲಿ ಬಾಯಿಂದ ಬಾಯಿಗೆ ಬಂದವು.

ಈ ಪದಗಳನ್ನು ಕುಮಾರರು ಸಭೆಗೆ ತಂದರು. ಭಜನೆಯೆಂದರೆ ಕಚೇರಿಯ ಕೊನೆಗೆ ಜನರನ್ನು ಮೆಚ್ಚಿಸಲು ಹಾಡುವ ಹಗುರ ವಸ್ತು ಎಂಬ ಭಾವನೆಯನ್ನು ಅಳಿಸಿದರು. ಅವರು ನಿರ್ಗುಣ ಪದ ಹಾಡುವಾಗ ಅಳು ಇಲ್ಲ, ಬೇಡಿಕೆ ಇಲ್ಲ. ಬಯಲಲ್ಲಿ ನಿಂತು ಒಬ್ಬನೇ ಕೂಗಿದಂತೆ ಇರುತ್ತದೆ. ಕೂಗಿಗೆ ಉತ್ತರ ಬರಲಿ ಬಾರದಿರಲಿ, ಕೂಗುವವನಿಗೆ ಭಯವಿಲ್ಲ. ಸಾವನ್ನು ಎರಡು ಸಲ ಮನೆಯೊಳಗೇ ಕಂಡವನ ದನಿ ಅದು. ಹೀಗಾಗಿ ದುಃಖದಲ್ಲಿರುವವರು ಅವರ ಭಜನೆ ಕೇಳಿದರೆ ದುಃಖ ಹೆಚ್ಚುವುದಿಲ್ಲ, ಎದೆ ಹಗುರಾಗುತ್ತದೆ. ನಾವೂ ಇದನ್ನು ಅನುಭವಿಸಿ ಹೇಳುತ್ತಿದ್ದೇವೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವ ಪರಂಪರೆ ದೊಡ್ಡದು. ಶಿಶುನಾಳ ಷರೀಫರ ಪದಗಳು ಆ ಸೀಮೆಯ ಗಾಳಿಯಲ್ಲಿಯೇ ಇವೆ. ದೇಹವನ್ನು ದೇಗುಲವೆಂದ ವಚನಕಾರರ ಮಾತು ಮಠದ ಮನೆತನದ ಮಗುವಿಗೆ ಹೊಸದಲ್ಲ. ಮಾಳವದ ಜೋಗಿಯ ಏಕತಾರಿ ಕೇಳಿದಾಗ ಸುಳೇಭಾವಿಯ ಬಾಲ್ಯದ ಯಾವುದೋ ದನಿ ಅವರೊಳಗೆ ಮಿಡಿದಿರಬಹುದು. ಇದು ನಮ್ಮ ಊಹೆ ಮಾತ್ರ. ಆದರೆ ಊಹೆಗೆ ಆಧಾರವಿಲ್ಲದಿಲ್ಲ.

ಸೂರದಾಸ, ಮೀರಾ, ತುಲಸೀದಾಸ, ತುಕಾರಾಮ ಇವರ ಪದಗಳನ್ನು ಕುರಿತೂ ಅವರು ಬೇರೆ ಬೇರೆ ಕಾರ್ಯಕ್ರಮಗಳನ್ನು ಕಟ್ಟಿದರು. ಮಾಳವದ ಜಾನಪದ ಹಾಡುಗಳನ್ನೇ ಸಭೆಯ ಮುಂದಿಟ್ಟರು. ಮಳೆ, ಹೇಮಂತ, ವಸಂತ ಋತುಗಳ ಹಾಡುಗಳ ಕಾರ್ಯಕ್ರಮಗಳನ್ನು ಮಾಡಿದರು. ಬಾಲ ಗಂಧರ್ವರ ರಂಗಗೀತೆಗಳನ್ನು ತಾವು ಅರ್ಥಮಾಡಿಕೊಂಡ ರೀತಿಯಲ್ಲಿ ಹಾಡಿ ತೋರಿಸಿದರು. ಚಿಕ್ಕಂದಿನಲ್ಲಿ ಹಿರಿಯರನ್ನು ಅನುಕರಿಸಿದ ಅದೇ ಮನುಷ್ಯ ಈಗ ಹಿರಿಯರನ್ನು ತಿಳಿದು, ತನ್ನದೇ ದನಿಯಲ್ಲಿ ವಂದಿಸುತ್ತಿದ್ದ. ತಾವು ರಚಿಸಿದ ಬಂದಿಶುಗಳನ್ನು ಅನೂಪ ರಾಗ ವಿಲಾಸ ಎಂಬ ಗ್ರಂಥದಲ್ಲಿ ಪ್ರಕಟಿಸಿದರು; ಅದರ ಮೊದಲ ಭಾಗ 1965ರಲ್ಲಿ ಹೊರಬಂತು. ಭಾರತ ಸರಕಾರ 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು.

1992ರ ಜನವರಿ 12ರಂದು, ಅರವತ್ತೇಳನೆಯ ವಯಸ್ಸಿನಲ್ಲಿ, ದೇವಾಸದಲ್ಲಿಯೇ ಅವರು ಕೊನೆಯುಸಿರೆಳೆದರು. ಇಪ್ಪತ್ತಮೂರರಲ್ಲಿ ವೈದ್ಯರು ಕೈಬಿಟ್ಟ ಜೀವ ಇನ್ನೂ ನಲವತ್ತಕ್ಕೂ ಹೆಚ್ಚು ವರ್ಷ ಬಾಳಿತ್ತು. ವಸುಂಧರೆಯವರು 2015ರಲ್ಲಿ ತೀರಿಕೊಂಡರು. ಮಗ ಮುಕುಲ, ಮಗಳು ಕಲಾಪಿನಿ, ಮೊಮ್ಮಗ ಭುವನೇಶ ಇವರೆಲ್ಲರೂ ಗಾಯಕರಾಗಿ ಹೆಸರು ಮಾಡಿದರು. ಕುಮಾರರು ಹುಟ್ಟಿ 2024ಕ್ಕೆ ನೂರು ವರ್ಷ ತುಂಬಿತು.

ನಮಗೇನು?

ಬೆಳಗಾವಿ ಸೀಮೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಲಿತು ಮಾಳವದಲ್ಲಿ ಬಾಳಿದವರ ಕಥೆ ಕಾಸರಗೋಡಿನ ನಮಗೇಕೆ ಎಂದು ಯಾರಾದರೂ ಕೇಳಿಯಾರು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಂದಿನಿಂದ ನಮ್ಮ ಮನೆಗಳಲ್ಲಿ ಒಂದು ಚಿಂತೆ ಬಿಟ್ಟುಹೋಗಿಲ್ಲ. ಸುತ್ತ ಬೇರೆ ಭಾಷೆ, ಕಚೇರಿಯಲ್ಲಿ ಬೇರೆ ಭಾಷೆ. ಇದರ ನಡುವೆ ನಮ್ಮ ಮಕ್ಕಳ ದನಿ ಯಾವುದು? ಕನ್ನಡ ಶಾಲೆಗಳನ್ನು, ಕನ್ನಡ ಹುದ್ದೆಗಳನ್ನು ಉಳಿಸಿಕೊಳ್ಳಲು ನಾವು ಹೋರಾಡಬೇಕಾದದ್ದು ನ್ಯಾಯವೇ. ಆ ಮಾತು ಬೇರೆ. ಆದರೆ ಕುಮಾರ ಗಂಧರ್ವರ ಬದುಕು ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಕಿವಿ ತೆರೆದಿಟ್ಟವನಿಗೆ ನೆರೆಯವರ ಹಾಡಿನಿಂದ ನಷ್ಟವಿಲ್ಲ. ತನ್ನದಲ್ಲದ ನಾಡಿನ ಹಾಡುಗಳನ್ನು ಕೇಳುತ್ತ ಕೇಳುತ್ತ ಅವರು ಕಂಡುಕೊಂಡದ್ದು ತಮ್ಮದೇ ದನಿಯನ್ನು.

ಇನ್ನೊಂದು ಮಾತನ್ನೂ ಹೇಳಿ ಮುಗಿಸುತ್ತೇವೆ. ನಮ್ಮ ಗದ್ದೆಗಳಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ಓಬೇಲೆ, ಭೂತಾರಾಧನೆಯ ಪಾಡ್ದನ, ಅಜ್ಜಿಯಂದಿರ ತೊಟ್ಟಿಲ ಹಾಡು, ಮದುವೆಯ ಶೋಭಾನೆ ಇವೆಲ್ಲ ನಮ್ಮ ಕಣ್ಣೆದುರಿಗೇ ಕಡಿಮೆಯಾಗುತ್ತಿವೆ. ತುಳುವಿನಲ್ಲಿರಲಿ, ಕನ್ನಡದಲ್ಲಿರಲಿ, ಹವ್ಯಕದಲ್ಲಿರಲಿ, ಮಲಯಾಳದಲ್ಲಿರಲಿ, ಅವುಗಳಲ್ಲಿಯೂ ಅದೇ ನಾಲ್ಕೈದು ಸ್ವರಗಳಿವೆ. ದೊಡ್ಡ ವಿದ್ವಾಂಸನೊಬ್ಬ ಹಾಸಿಗೆಯಲ್ಲಿ ಮಲಗಿ ಅಂಥ ಹಾಡುಗಳ ಕಾಲಬುಡದಲ್ಲಿ ಕಲಿತ. ನಮ್ಮ ಮಕ್ಕಳು ಆರೋಗ್ಯವಾಗಿದ್ದಾಗಲೇ ಕಲಿಯಬಹುದು. ಮನೆಯಲ್ಲಿ ಹಾಡಬಲ್ಲ ಅಜ್ಜಿ ಇನ್ನೂ ಇದ್ದರೆ ಬರುವ ಆದಿತ್ಯವಾರ ಮಕ್ಕಳನ್ನು ಅವರ ಹತ್ತಿರ ಕೂರಿಸಿರಿ. ಒಂದು ಹಾಡನ್ನಾದರೂ ಪೂರ್ತಿ ಕೇಳಲಿ.